ಗಿರಾಕಿಗೆ ಕೈಬರಹದ ನಾಲ್ಕು ಸಾಲು: ಯಾರಿಗೆ, ಯಾವಾಗ, ಏನಂತ ಬರೆಯಬೇಕು?

ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಹಿಡಿಯುವವರು, ಇಳಕಲ್ ಸೀರೆಯನ್ನು ಇನ್‌ಸ್ಟಾಗ್ರಾಂನಲ್ಲಿ ಮಾರುವವರು, ಕಾಫಿಪುಡಿ ಕೊರಿಯರ್ ಮಾಡುವವರು, ನಾಲ್ಕು ಕೋಣೆಯ ಹೋಂಸ್ಟೇ ನಡೆಸುವವರು, ಇವರೆಲ್ಲ ಪದೇಪದೇ ಕೇಳುವುದು ಒಂದೇ: "ಪಾರ್ಸೆಲ್ ಜೊತೆ ಕೈಯಲ್ಲಿ ಬರೆದ ಥ್ಯಾಂಕ್ಸ್ ಚೀಟಿ ಇಟ್ಟರೆ ಗಿರಾಕಿ ಉಳೀತಾರಾ? ಇಡೋದಾದ್ರೆ ಏನಂತ ಬರೆಯೋದು?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಂದೆಡೆ ಬರೆದಿದ್ದೇನೆ. ಉದಾಹರಣೆಗೆ ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿಯ ವ್ಯಾಪಾರವನ್ನು ಹಿಡಿದುಕೊಂಡಿದ್ದೇನೆ. ನಿಮ್ಮದು ಸೀರೆಯೋ ಸಾಬೂನೋ ಆಗಿದ್ದರೆ ಮಾಲಿನ ಹೆಸರು ಬದಲಿಸಿಕೊಂಡು ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ಒಬ್ಬ ಗಿರಾಕಿಗಲ್ಲದೆ ಬೇರೆ ಯಾರಿಗೂ ಹೊಂದದ ಒಂದು ಸಾಲಾದರೂ ನಿಮ್ಮ ಹತ್ತಿರ ಇದ್ದರೆ ಬರೆಯಿರಿ. ಇಲ್ಲದಿದ್ದರೆ ಬೇಡ. "ನಮ್ಮಲ್ಲಿ ಖರೀದಿಸಿದ್ದಕ್ಕೆ ಧನ್ಯವಾದಗಳು, ಮತ್ತೆ ಬನ್ನಿ" ಅಂತ ನೂರು ಸಲ ಕೈನೋಯಿಸಿಕೊಂಡು ಬರೆಯುವುದಕ್ಕಿಂತ ಪ್ರೆಸ್‌ನಲ್ಲಿ ಮುದ್ರಿಸಿ ಹಾಕುವುದು ವಾಸಿ.

ಇದರಿಂದ ಏನಾಗುತ್ತದೆ, ಏನಾಗುವುದಿಲ್ಲ

ಬರೆಯಲು ಕೂತಾಗ ಹೆಚ್ಚಿನವರಿಗೆ ಮುಜುಗರ ಕಾಡುತ್ತದೆ. ಅಕ್ಷರ ಚೆನ್ನಾಗಿಲ್ಲ, ಏನಂದುಕೊಳ್ಳುತ್ತಾರೋ, ಅತಿಯಾಯಿತೋ ಏನೋ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ 'ಸೈಕಲಾಜಿಕಲ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತು. ಕೃತಜ್ಞತೆಯ ಪತ್ರ ಬರೆದವರು ಓದುವವರಿಗೆ ಆಗುವ ಮುಜುಗರವನ್ನು ಇದ್ದುದಕ್ಕಿಂತ ಹೆಚ್ಚಾಗಿ ಊಹಿಸಿದ್ದರು, ಆಗುವ ಸಂತೋಷವನ್ನು ಇದ್ದುದಕ್ಕಿಂತ ಕಡಿಮೆ. ಬರೆಯುವವರು ಪದಗಳ ಚಂದದ ಬಗ್ಗೆ ತಲೆ ಕೆಡಿಸಿಕೊಂಡರೆ, ಓದುವವರು ನೋಡಿದ್ದು ಅದರ ಹಿಂದಿನ ಪ್ರೀತಿಯನ್ನು. ಅದು ಅಂಗಡಿ-ಗಿರಾಕಿಯ ಸಂಬಂಧದ ಅಧ್ಯಯನವಲ್ಲ, ಆದರೂ ಅಕ್ಷರದ ಚಿಂತೆ ಬಿಡಲು ಅಷ್ಟು ಸಾಕು.

ಇನ್ನೊಂದು ಮಗ್ಗುಲೂ ಇದೆ. ಅಮೆರಿಕದಲ್ಲಿ ಸಾರ್ವಜನಿಕ ಟಿವಿ ಕೇಂದ್ರಗಳಿಗೆ ಮತ್ತು ಒಂದು ಸೇವಾ ಸಂಸ್ಥೆಗೆ ದೇಣಿಗೆ ಕೊಟ್ಟ ಐದು ಲಕ್ಷಕ್ಕೂ ಹೆಚ್ಚು ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು, ಉಳಿದವರಿಗೆ ಹೇಳಲಿಲ್ಲ. ಆನ್ಯಾ ಸಮೆಕ್ ಮತ್ತು ಚಕ್ ಲಾಂಗ್‌ಫೀಲ್ಡ್ 2023ರಲ್ಲಿ ಪ್ರಕಟಿಸಿದ ಫಲಿತಾಂಶ ನೋಡಿ: ಫೋನ್ ಬಂದವರು ಮುಂದಿನ ವರ್ಷ ಹೆಚ್ಚು ದೇಣಿಗೆಯನ್ನೇನೂ ಕೊಡಲಿಲ್ಲ. ಪರಿಣಾಮ ಆಗಿಯೇ ಆಗುತ್ತದೆ ಅಂತ ಪರಿಣತರು ಊಹಿಸಿದ್ದರು. ಆ ಫೋನುಗಳು ಎಲ್ಲರಿಗೂ ಒಂದೇ ಸಿದ್ಧ ಮಾತಿನವು ಎಂಬುದನ್ನು ಮರೆಯಬೇಡಿ.

ಹಾಗಾಗಿ ಚೀಟಿ ಬರೆದ ತಕ್ಷಣ ರಿಪೀಟ್ ಆರ್ಡರ್, ಅಂದರೆ ಅದೇ ಗಿರಾಕಿಯ ಎರಡನೇ ಖರೀದಿ, ಬಂದೇ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ಮಿಡಿ ಕೆಟ್ಟಿದ್ದರೆ ಯಾವ ಚೀಟಿಯೂ ಕಾಪಾಡುವುದಿಲ್ಲ.

ಬೇಕಾಗುವ ಸಾಮಾನು

ಕಾರ್ಡು: ಎ6 ಅಳತೆ, ಅಂದರೆ 105 × 148 ಮಿಲಿಮೀಟರ್ ಸಾಕು. ಇದಕ್ಕಿಂತ ದೊಡ್ಡದಾದರೆ ಜಾಗ ತುಂಬಿಸಲು ಸುಳ್ಳು ಸಾಲು ಬರೆಯಬೇಕಾಗುತ್ತದೆ. ಪ್ರೆಸ್‌ನವರು "ಎಷ್ಟು ಜಿಎಸ್‌ಎಂ ಬೇಕು?" ಅಂತ ಕೇಳುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎನ್ನುವ ಲೆಕ್ಕ ಅದು. ಜೆರಾಕ್ಸ್ ಹಾಳೆ 70ರಿಂದ 80 ಇರುತ್ತದೆ, ನಿಮಗೆ 250ರಿಂದ 300 ಬೇಕು. ಹೊಳಪಿನ ಕಾರ್ಡು ಮಾತ್ರ ತರಬೇಡಿ, ಅದರ ಮೇಲೆ ಶಾಯಿ ಬೇಗ ಒಣಗುವುದಿಲ್ಲ. ಹಿಂಬದಿಯಲ್ಲಿ ನಿಮ್ಮ ಹೆಸರು, ಊರು, ಫೋನ್ ನಂಬರ್ ಮುದ್ರಿಸಿಕೊಳ್ಳಬಹುದು. ಬರೆಯುವ ಬದಿ ಖಾಲಿಯೇ ಇರಲಿ.

ಪೆನ್ನು: ಬಾಲ್‌ಪೆನ್ನು. ಜೆಲ್ ಪೆನ್ನು, ಇಂಕ್ ಪೆನ್ನು ನೋಡಲು ಚೆಂದ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಗರ, ಶಿರಸಿ ಕಡೆಯ ತೇವದಲ್ಲಿ ಒಂದು ಬೆರಳು ತಾಗಿದರೂ ಅಕ್ಷರ ಕದಡುತ್ತದೆ.

ಅಂಚೆ: ಸಾದಾ ಪೋಸ್ಟ್‌ಕಾರ್ಡ್‌ 50 ಪೈಸೆ, ಇನ್‌ಲ್ಯಾಂಡ್ ಲೆಟರ್ ಎರಡೂವರೆ ರೂಪಾಯಿ, 20 ಗ್ರಾಂವರೆಗಿನ ಲಕೋಟೆಗೆ 5 ರೂಪಾಯಿ. ಹೆಚ್ಚು ಕೊಳ್ಳುವ ಮುನ್ನ ಕೌಂಟರ್‌ನಲ್ಲಿ ಒಮ್ಮೆ ದರ ಕೇಳಿಕೊಳ್ಳಿ. 300 ಜಿಎಸ್‌ಎಂನ ಎ6 ಕಾರ್ಡು 5 ಗ್ರಾಂ ಕೂಡ ತೂಗುವುದಿಲ್ಲ, ಲಕೋಟೆ ಸೇರಿಸಿದರೂ 20ರೊಳಗೇ ಇರುತ್ತದೆ. ಜೊತೆಗೆ ಒಂದು ಚಿಕ್ಕ ಮಸಾಲೆ ಪೊಟ್ಟಣ ಹಾಕೋಣ ಅನ್ನಿಸಿದರೆ ತಡೆದುಕೊಳ್ಳಿ. ತೂಕ ಮೀರಿ ಸ್ಟಾಂಪು ಕಡಿಮೆ ಬಿದ್ದರೆ ಗಿರಾಕಿಯೇ ದುಡ್ಡು ಕೊಟ್ಟು ನಿಮ್ಮ ಥ್ಯಾಂಕ್ಸ್ ಬಿಡಿಸಿಕೊಳ್ಳಬೇಕಾದೀತು.

ಇದೆಲ್ಲಕ್ಕಿಂತ ಮುಖ್ಯ ಒಂದು ನೋಟ್‌ಬುಕ್. ಅದರ ವಿಷಯ ಎರಡನೇ ಹಂತದಲ್ಲಿ.

ಹಂತ 1: ಯಾರಿಗೆ ಬರೆಯಬೇಕು ಎಂದು ಗೆರೆ ಎಳೆದುಕೊಳ್ಳಿ

ಎಲ್ಲರಿಗೂ ಬರೆಯುತ್ತೇನೆ ಎಂದು ಹೊರಟವರು ಎರಡನೇ ವಾರಕ್ಕೆ ಕೈಬಿಡುತ್ತಾರೆ, ಇಲ್ಲವೇ ಕಾಪಿ ಮಾಡಲು ಶುರು ಮಾಡುತ್ತಾರೆ. ನಾನು ಹೇಳುವುದು ನಾಲ್ಕು ಬಗೆಯ ಜನರಿಗೆ:

- ಎರಡನೇ ಅಥವಾ ಮೂರನೇ ಸಲ ತರಿಸಿಕೊಂಡವರಿಗೆ. ಮೊದಲ ಸಲದವರ ಬಗ್ಗೆ ನಿಮಗೆ ಹೆಚ್ಚೇನೂ ಗೊತ್ತಿರುವುದಿಲ್ಲ, ಹಾಗಾಗಿ ಚೀಟಿ ತಾನಾಗಿಯೇ ಸಪ್ಪೆಯಾಗುತ್ತದೆ.
- ನಿಮ್ಮ ಹೆಸರನ್ನು ಇನ್ನೊಬ್ಬರಿಗೆ ಹೇಳಿದವರಿಗೆ. ಇವರನ್ನು ಮರೆಯುವುದೇ ಹೆಚ್ಚು. ಹೊಸ ಗಿರಾಕಿ ಬಂದ ಖುಷಿಯಲ್ಲಿ ಕಳಿಸಿಕೊಟ್ಟವರು ನೆನಪಿಗೆ ಬರುವುದಿಲ್ಲ.
- ದೂರು ಹೇಳಿ, ನೀವು ಸರಿಪಡಿಸುವವರೆಗೆ ಕಾದವರಿಗೆ.
- ಮದುವೆ, ಉಪನಯನ, ಗೃಹಪ್ರವೇಶಕ್ಕೆ ದೊಡ್ಡ ಆರ್ಡರ್ ಕೊಟ್ಟವರಿಗೆ.

ದಿನಕ್ಕೆ ನಾಲ್ಕೈದು ಚೀಟಿಗಿಂತ ಹೆಚ್ಚು ಬರೆಯಬೇಡಿ. ಆರನೆಯದಕ್ಕೆ ಹೊಸ ಮಾತು ಹುಟ್ಟುವುದು ಕಷ್ಟ.

ಹಂತ 2: ಮಾತಾಡುವಾಗಲೇ ಬರೆದಿಟ್ಟುಕೊಳ್ಳಿ

ಚೀಟಿ ಹುಟ್ಟುವುದು ಆರ್ಡರ್ ಬರುವ ಹೊತ್ತಿನಲ್ಲೇ. "ಅಮ್ಮನಿಗೆ ಖಾರ ಆಗಲ್ಲ", "ಮಗ ಹಾಸ್ಟೆಲ್‌ಗೆ ಹೋಗ್ತಿದ್ದಾನೆ", "ನಮ್ಮಜ್ಜಿ ಹೊಸನಗರದ ಕಡೆಯವರು, ಜೀರಿಗೆ ಮಿಡಿಯೇ ಬೇಕು" ಎಂಬಂಥ ಮಾತನ್ನು ಗಿರಾಕಿ ತಾವಾಗಿಯೇ ಆಡುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಅದು ಮೂರು ದಿನಕ್ಕೆ ಎಲ್ಲೋ ಮೇಲೆ ಹೋಗಿಬಿಡುತ್ತದೆ. ನೋಟ್‌ಬುಕ್‌ನಲ್ಲಿ ಒಬ್ಬರಿಗೆ ಒಂದು ಸಾಲು ಸಾಕು: ತಾರೀಕು, ಹೆಸರು, ತಗೊಂಡದ್ದು, ಹೇಳಿದ ಮಾತು, ಚೀಟಿ ಹೋಯಿತೋ ಇಲ್ಲವೋ. ಎಕ್ಸೆಲ್ ಶೀಟ್ ಬಳಸುವವರು ಬಳಸಿ. ಒಲೆ ಮುಂದೆ ನಿಂತು ಫೋನ್ ಎತ್ತುವವರಿಗೆ ಪುಸ್ತಕವೇ ಅನುಕೂಲ.

ಎಚ್ಚರಿಕೆ: ಅವರು ನಿಮಗೆ ಹೇಳಿದ್ದನ್ನು ಮಾತ್ರ ಬರೆಯಿರಿ. ಅವರ ಫೇಸ್‌ಬುಕ್ ಪುಟ ಜಾಲಾಡಿ "ಮೊನ್ನೆ ಊಟಿಗೆ ಹೋಗಿದ್ದಿರಂತೆ" ಅಂತ ಚೀಟಿಯಲ್ಲಿ ಬರೆದರೆ ಓದಿದವರಿಗೆ ಹೆದರಿಕೆಯಾಗುತ್ತದೆ, ಪ್ರೀತಿ ಹುಟ್ಟುವುದಿಲ್ಲ.

ಹಂತ 3: ಹೆಸರು ಸರಿಯಾಗಿರಲಿ, ಭಾಷೆ ಅವರದಿರಲಿ

ಕನ್ನಡದಲ್ಲಿ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ಹೆಸರು ಬರುವುದು ಇಂಗ್ಲಿಷ್ ಅಕ್ಷರಗಳಲ್ಲಿ, ಬರೆಯಬೇಕಾದ್ದು ಕನ್ನಡದಲ್ಲಿ. ಅವರು ಲತಾನೋ ಲತನೋ? ಶ್ರುತಿಯೋ ಶೃತಿಯೋ? ಹೆಗಡೆಯೋ ಹೆಗ್ಡೆಯೋ? "ಕನ್ನಡದಲ್ಲಿ ನಿಮ್ಮ ಹೆಸರು ಹೇಗೆ ಬರೆಯಲಿ?" ಅಂತ ವಾಟ್ಸ್‌ಆ್ಯಪ್‌ನಲ್ಲಿ ಕೇಳಿಬಿಡಿ. ಕೇಳಿದ್ದಕ್ಕೆ ಬೇಸರ ಮಾಡಿಕೊಂಡವರನ್ನು ನಾನು ಕಂಡಿಲ್ಲ.

ಶ್ರೀಮತಿ, ಕುಮಾರಿ ಎಂದು ಊಹಿಸಿ ಹಾಕಬೇಡಿ. "ಲತಾ ಅವರಿಗೆ, ನಮಸ್ಕಾರ" ಎಂದರೆ ಸಾಕು. ಫೋನಿನಲ್ಲಿ ಅಕ್ಕ, ಸರ್ ಎನ್ನುತ್ತಿದ್ದರೆ ಚೀಟಿಯಲ್ಲೂ ಅದನ್ನೇ ಬರೆಯಿರಿ. ಬಾಯಲ್ಲಿ "ಅಕ್ಕ", ಕಾಗದದಲ್ಲಿ "ಮಾನ್ಯರೇ" ಅಂತಾದರೆ ಬ್ಯಾಂಕಿನಿಂದ ಬಂದ ನೋಟಿಸಿನ ಹಾಗಿರುತ್ತದೆ.

ಕನ್ನಡ ಓದಲು ಬಾರದ ಗಿರಾಕಿಗೆ ನಿಮಗೆ ಬರುವ ಭಾಷೆಯಲ್ಲಿ, ಹಿಂದಿಯೋ ಇಂಗ್ಲಿಷೋ, ಚಿಕ್ಕ ವಾಕ್ಯದಲ್ಲಿ ಬರೆಯಿರಿ. ಹೊರದೇಶದ ಕನ್ನಡಿಗರಿಗೆ ಕನ್ನಡದ ಕೈಬರಹ ಎಂದರೆ ವಿಶೇಷ ಪ್ರೀತಿ, ಆದರೆ ಅವರ ಮಕ್ಕಳಿಗೆ ಲಿಪಿ ಬರದೇ ಇರಬಹುದು. ಆರ್ಡರ್ ಮಾಡಿದವರು ಯಾವ ಲಿಪಿಯಲ್ಲಿ ಮೆಸೇಜ್ ಹಾಕುತ್ತಾರೆ ನೋಡಿ, ಗೊತ್ತಾಗುತ್ತದೆ.

ಹಂತ 4: ಬರೆಯುವುದು

ನಾಲ್ಕು ಸಾಲು, ಹೆಚ್ಚೆಂದರೆ ಐದು. ಮೊದಲು ಅವರು ಏನು ಮಾಡಿದರು ಎಂಬುದನ್ನು ಹೆಸರಿಸಿ. ಆಮೇಲೆ ಅದರಿಂದ ನಿಮಗೆ ಏನಾಯಿತು ಎಂಬುದನ್ನು ಹೇಳಿ. ಬೇಕಿದ್ದರೆ ಅವರಿಗೆ ಉಪಯೋಗವಾಗುವ ಒಂದು ಮಾತು. ಕೊನೆಗೆ ಸಹಿ, ತಾರೀಕು. ಅಷ್ಟೇ.

ಒಂದು ಚೀಟಿ ಹೇಗೆ ಕೆಡುತ್ತದೆ ನೋಡಿ:

"ಪ್ರಿಯ ಗ್ರಾಹಕರೇ, ನಮ್ಮ ಉತ್ಪನ್ನವನ್ನು ಆಯ್ಕೆ ಮಾಡಿದ್ದಕ್ಕಾಗಿ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ತೃಪ್ತಿಯೇ ನಮ್ಮ ಧ್ಯೇಯ. ಮುಂದಿನ ಖರೀದಿಗೆ ಶೇ. 10 ರಿಯಾಯಿತಿ. ದಯವಿಟ್ಟು 5 ಸ್ಟಾರ್ ರಿವ್ಯೂ ನೀಡಿ."

ಇದನ್ನು ಯಾರಿಗೆ ಬೇಕಾದರೂ ಕಳಿಸಬಹುದು. ಕೈಯಲ್ಲಿ ಬರೆದಿದ್ದರೂ ಇದು ಕರಪತ್ರವೇ. ಅದೇ ಗಿರಾಕಿಗೆ ಹೀಗೆ:

"ಲತಾ ಅವರಿಗೆ, ನಮಸ್ಕಾರ. ಅಮ್ಮನಿಗೆ ಪಥ್ಯ, ಖಾರ ಕಡಿಮೆ ಇರಲಿ ಅಂದಿದ್ದಿರಿ. ಹಾಗೆ ಮಾಡಿದ ಜಾಡಿಗೆ ಕೆಂಪು ದಾರ ಕಟ್ಟಿದ್ದೇನೆ. ನೀವು ಹೇಳಿದ ಮೇಲೆ ನಮ್ಮ ಮನೆಗೂ ಒಂದು ಜಾಡಿ ಕಡಿಮೆ ಖಾರದ್ದು ಹಾಕಿಟ್ಟೆವು, ನಮ್ಮತ್ತೆ ಅದನ್ನೇ ಕೇಳುತ್ತಿದ್ದಾರೆ. ಒದ್ದೆ ಚಮಚ ತಾಗಿಸಬೇಡಿ, ಮಿಡಿ ರಸದಲ್ಲಿ ಮುಳುಗಿರಲಿ."

ಇದರಲ್ಲಿ ಧನ್ಯವಾದ ಎನ್ನುವ ಮಾತೇ ಇಲ್ಲ, ಆದರೂ ಕೃತಜ್ಞತೆ ಇದೆ. ಕೆಂಪು ದಾರದ ಸಾಲು ಲತಾ ಅವರಿಗಲ್ಲದೆ ಇನ್ನೊಬ್ಬರಿಗೆ ಹೊಂದುವುದಿಲ್ಲ. ಬೇಕೆಂದರೆ "ತುಂಬಾ ಖುಷಿಯಾಯಿತು" ಸೇರಿಸಿ. ಹೃತ್ಪೂರ್ವಕ, ಅನಂತಾನಂತ, ಚಿರಋಣಿ ಇವೆಲ್ಲ ಸನ್ಮಾನ ಪತ್ರಕ್ಕೆ ಇರಲಿ.

ದೂರಿನ ನಂತರದ ಚೀಟಿ ಎಲ್ಲಕ್ಕಿಂತ ಕಷ್ಟದ್ದು:

"ಹೋದ ಸಲ ಮುಚ್ಚಳ ಸಡಿಲಾಗಿ ರಸವೆಲ್ಲ ಸೋರಿತ್ತು. ನೀವು ಫೋಟೋ ತೆಗೆದು ಕಳಿಸಿದ್ದರಿಂದ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಯಿತು. ಈಗ ಮುಚ್ಚಳದ ಒಳಗೆ ಸೀಲ್ ಹಾಕುತ್ತಿದ್ದೇವೆ. ಹಾಗೆ ಸೀಲ್ ಹಾಕಿದ ಮೊದಲ ಜಾಡಿ ನಿಮಗೇ ಬಂದಿದೆ."

ಬದಲಿ ಮಾಲು ಅಥವಾ ದುಡ್ಡು ವಾಪಸ್ ಹೋಗುವ ಮೊದಲು ಇಂಥ ಚೀಟಿ ಕಳಿಸಬೇಡಿ. ಬರೀ ಸಿಹಿ ಮಾತು ಗಿರಾಕಿಯನ್ನು ಇನ್ನಷ್ಟು ಕೆರಳಿಸುತ್ತದೆ. ಮತ್ತೆ, "ಸೀಲ್ ಹಾಕುತ್ತಿದ್ದೇವೆ" ಅಂತ ಬರೆಯಬೇಕಾದರೆ ನಿಜವಾಗಿ ಹಾಕುತ್ತಿರಬೇಕು.

ಹೆಸರು ಹೇಳಿ ಗಿರಾಕಿಯನ್ನು ಕಳಿಸಿಕೊಟ್ಟವರಿಗೆ: "ಧಾರವಾಡದಿಂದ ನಿಮ್ಮ ಹೆಸರು ಹೇಳಿಕೊಂಡು ಫೋನ್ ಬಂತು. ನೀವು ಹೇಳಿದ್ದೀರಿ ಅಂದ ಮೇಲೆ ಅವರು ಮಾದರಿ ಕೂಡ ಕೇಳಲಿಲ್ಲ." ಯಾರು ಫೋನ್ ಮಾಡಿದರು, ಎಷ್ಟು ತಗೊಂಡರು ಎಂಬುದನ್ನು ಬರೆಯಬೇಡಿ, ಅದು ಅವರ ವಿಷಯ.

ಈ ಹಂತದಲ್ಲಿ ಆಗುವ ತಪ್ಪುಗಳು:

ಏನನ್ನಾದರೂ ಕೇಳುವುದು. ರಿಯಾಯಿತಿ ಕೂಪನ್, ಕ್ಯೂಆರ್ ಕೋಡ್, "ಸ್ಟೇಟಸ್ ಹಾಕಿ ಟ್ಯಾಗ್ ಮಾಡಿ" ಯಾವುದೂ ಬೇಡ. ಜಾಹೀರಾತು ಹಾಕಲೇಬೇಕೆಂದರೆ ಬೇರೆ ಮುದ್ರಿತ ಚೀಟಿ ಹಾಕಿ.

ರಿವ್ಯೂ ಬೇಡುವುದು. ಅಮೆಜಾನ್ ಮೂಲಕ ಮಾರುತ್ತಿದ್ದರೆ ಇನ್ನೂ ಜಾಗ್ರತೆ. ಪ್ಯಾಕೆಟ್‌ನಲ್ಲಿ ಇಡುವ ಚೀಟಿಯಲ್ಲಿ ಒಳ್ಳೆಯ ರಿವ್ಯೂ ಕೇಳುವುದು, ರಿವ್ಯೂಗೆ ಪ್ರತಿಯಾಗಿ ದುಡ್ಡು, ಉಡುಗೊರೆ ಕೊಡುವುದು, ಗಿರಾಕಿಯನ್ನು ನಿಮ್ಮ ಸ್ವಂತ ವೆಬ್‌ಸೈಟಿಗೆ ಎಳೆಯುವುದು ಅಲ್ಲಿ ನಿಷಿದ್ಧ, ಖಾತೆಯೇ ಬಂದ್ ಆಗಬಹುದು. ಆನ್‌ಲೈನ್ ರಿವ್ಯೂಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೂ ತಂದಿದೆ.

ಕೈಬರಹದ ಹಾಗೆ ಕಾಣುವ ಫಾಂಟ್. ಎರಡು 'ಮ' ಅಚ್ಚೊತ್ತಿದಂತೆ ಒಂದೇ ತರ ಇದ್ದರೆ ಯಾರಿಗಾದರೂ ತಿಳಿಯುತ್ತದೆ. ಚಾಟ್‌ಜಿಪಿಟಿಯಿಂದ ಬರೆಸಿ ಕೈಯಲ್ಲಿ ಇಳಿಸುವವರೂ ಇದ್ದಾರೆ. ಕೆಂಪು ದಾರದ ವಿಷಯ ಅದಕ್ಕೆ ಹೇಗೆ ಗೊತ್ತಾಗಬೇಕು?

ಒತ್ತಕ್ಷರ ಕೆಳಗಿನ ಸಾಲಿಗೆ ತಾಗುವುದು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಪೆನ್ಸಿಲ್‌ನಲ್ಲಿ ತೆಳ್ಳಗೆ ಒಂದು ಸೆಂಟಿಮೀಟರ್ ಅಂತರದ ಗೆರೆ ಹಾಕಿಕೊಂಡು ಬರೆಯಿರಿ, ಒಣಗಿದ ಮೇಲೆ ಅಳಿಸಿ. ಒಂದು ಕಡೆ ಹೊಡೆದುಹಾಕಿದ್ದರೆ ಪರವಾಗಿಲ್ಲ, ಹಾಗೇ ಕಳಿಸಿ.

ಹಂತ 5: ಪಾರ್ಸೆಲ್ ಒಳಗೋ, ಅಂಚೆಯಲ್ಲೋ?

ನನ್ನ ಮತ ಅಂಚೆಗೆ. ಪಾರ್ಸೆಲ್ ಬಿಚ್ಚುವವರ ಗಮನ ಜಾಡಿಯ ಮೇಲಿರುತ್ತದೆ, ಚೀಟಿ ಬಬಲ್ ಕವರ್ ಜೊತೆ ಕಸಕ್ಕೆ ಹೋಗಬಹುದು. ಮಾಲು ತಲುಪಿ ಹತ್ತು ಹದಿನೈದು ದಿನದ ಮೇಲೆ, ಉಪ್ಪಿನಕಾಯಿ ನಾಲ್ಕು ಊಟ ಕಂಡ ನಂತರ, ಪೋಸ್ಟ್‌ಮ್ಯಾನ್ ಒಂದು ಕಾರ್ಡು ತಂದುಕೊಟ್ಟರೆ ಅದನ್ನು ಮನೆಯವರೆಲ್ಲ ಓದುತ್ತಾರೆ. ಅಷ್ಟರಲ್ಲಿ ಗಿರಾಕಿ ರುಚಿಯ ಬಗ್ಗೆ ಏನಾದರೂ ಹೇಳಿಯೂ ಇರುತ್ತಾರೆ, ನಿಮಗೂ ಬರೆಯಲು ವಿಷಯ ಸಿಗುತ್ತದೆ.

ಆದರೆ ಪೋಸ್ಟ್‌ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಮೇಲಿನ ಪಥ್ಯದ ಚೀಟಿಯಂಥದ್ದನ್ನು, ಆರ್ಡರ್‌ನ ಮೊತ್ತ, ಯಾರಿಗೋ ಕಳಿಸಿದ ಉಡುಗೊರೆಯ ವಿಷಯ ಇರುವುದನ್ನು ಲಕೋಟೆಯಲ್ಲಿ ಹಾಕಿ, ಇಲ್ಲವೇ ಪಾರ್ಸೆಲ್ ಒಳಗೇ ಇಡಿ.

ವಿಳಾಸ ಎಲ್ಲಿಂದ ಬಂತು ಎಂಬುದನ್ನೂ ನೋಡಿಕೊಳ್ಳಿ. ಅಮೆಜಾನ್‌ನಂಥ ತಾಣಗಳಲ್ಲಿ ಸಿಗುವ ವಿಳಾಸ ಆ ಆರ್ಡರ್ ತಲುಪಿಸಲು ಮಾತ್ರ, ಆಮೇಲೆ ಬೇರೆ ಪತ್ರ ಕಳಿಸಲು ಅದನ್ನು ಬಳಸುವಂತಿಲ್ಲ. ನೇರವಾಗಿ ನಿಮ್ಮಿಂದಲೇ ಕೊಂಡವರಾದರೂ "ಒಂದು ಕಾಗದ ಹಾಕಬಹುದಾ?" ಎಂದು ಮೊದಲೇ ಕೇಳಿದ್ದರೆ ಒಳ್ಳೆಯದು. ಒಂದು ಕೆಲಸಕ್ಕೆ ಪಡೆದ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಇನ್ನೊಂದಕ್ಕೆ ಬಳಸಬಾರದು ಎಂಬುದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು.

ಹಂತ 6: ಇಡುವುದು, ವಿಳಾಸ ಬರೆಯುವುದು

ಪಾರ್ಸೆಲ್‌ನಲ್ಲಿ ಇಡುವುದಾದರೆ ಚೀಟಿಯನ್ನು ಜಿಪ್ ಕವರಿಗೆ ಹಾಕಿ ಎಲ್ಲಕ್ಕಿಂತ ಮೇಲೆ ಇಡಿ, ಡಬ್ಬ ತೆರೆದ ಕೂಡಲೇ ಕಾಣಬೇಕು. ಜಾಡಿಗೆ ಸುತ್ತಬೇಡಿ. ಎಷ್ಟು ಸೀಲ್ ಮಾಡಿದರೂ ಒಮ್ಮೊಮ್ಮೆ ರಸ ಜಿನುಗುತ್ತದೆ. ಶಾಯಿ ಇರುವ ಕಾಗದ ತಿನ್ನುವ ವಸ್ತುವಿಗೆ ತಾಗಲೇಬಾರದು. ಹಪ್ಪಳದ ಕಟ್ಟಿನ ಒಳಗೆ ಚೀಟಿ ತುರುಕುವವರಿದ್ದಾರೆ, ಬೇಡ. ಸ್ಟೇಪ್ಲರ್ ಪಿನ್ನೂ ಬೇಡ, ಅದು ಬಿದ್ದು ತಿಂಡಿಯಲ್ಲಿ ಸೇರಿದರೆ ಆಮೇಲೆ ಚೀಟಿ ಬರೆದು ಮುಗಿಸುವ ವಿಷಯವಲ್ಲ.

ಅಂಚೆಗೆ ಹಾಕುವುದಾದರೆ ಕರ್ನಾಟಕದೊಳಗೆ ಕನ್ನಡದ ವಿಳಾಸ ಧಾರಾಳವಾಗಿ ನಡೆಯುತ್ತದೆ. ಬೇರೆ ರಾಜ್ಯಕ್ಕಾದರೆ ವಿಳಾಸ ಇಂಗ್ಲಿಷಿನಲ್ಲಿ ಬರೆಯಿರಿ, ಒಳಗಿನ ಒಕ್ಕಣೆ ಕನ್ನಡದಲ್ಲೇ ಇರಲಿ. ಪಿನ್‌ಕೋಡ್ ಆರು ಅಂಕಿ, ಒಂದೊಂದೂ ಬಿಡಿಸಿ ಸ್ಪಷ್ಟವಾಗಿ. 1972ರ ಆಗಸ್ಟ್ 15ರಂದು ಬಂದ ಈ ವ್ಯವಸ್ಥೆಯಲ್ಲಿ ಕರ್ನಾಟಕದ ಪಿನ್‌ಗಳು 56ರಿಂದ 59ರೊಳಗಿನ ಅಂಕಿಗಳಿಂದ ಶುರುವಾಗುತ್ತವೆ. ಗಿರಾಕಿ ಹುಬ್ಬಳ್ಳಿ ಎಂದು ಬರೆದು ಪಿನ್ 60ರಿಂದ ಶುರುವಾಗಿದ್ದರೆ ಟೈಪ್ ಮಾಡುವಾಗ ತಪ್ಪಿದೆ ಎಂದೇ ಅರ್ಥ, ಅದು ತಮಿಳುನಾಡಿನದು. ಫೋನ್ ಮಾಡಿ ಕೇಳಿ.

ಹಂತ 7: ಉಪಯೋಗವಾಯಿತೇ ಎಂದು ನೋಡುವುದು

ಚೀಟಿ ಹೋದವರಲ್ಲಿ ಎಷ್ಟು ಜನ ಮತ್ತೆ ಬಂದರು ಎಂದು ಎಣಿಸಿ ಬೀಗಬೇಡಿ. ನೀವು ಬರೆದದ್ದು ಮೊದಲೇ ಇಷ್ಟಪಟ್ಟಿದ್ದ ಗಿರಾಕಿಗಳಿಗೆ, ಅವರು ಚೀಟಿ ಇಲ್ಲದೆಯೂ ಬರುತ್ತಿದ್ದರೇನೋ. ನಿಜವಾಗಿ ತಿಳಿಯಬೇಕೆಂದರೆ ಎರಡನೇ ಸಲ ತರಿಸಿಕೊಂಡವರ ಪಟ್ಟಿಯಲ್ಲಿ ಬಿಲ್ ನಂಬರ್ ಬೆಸ ಇದ್ದವರಿಗೆ ಬರೆಯಿರಿ, ಸಮ ಇದ್ದವರಿಗೆ ಬರೆಯಬೇಡಿ. ಮನಸ್ಸಿಗೆ ಬಂದವರನ್ನು ಆಯ್ದುಕೊಳ್ಳಬೇಡಿ. ಆರು ತಿಂಗಳ ನಂತರ ಎರಡೂ ಗುಂಪಿನವರು ಎಷ್ಟು ಸಲ ತರಿಸಿಕೊಂಡರು ಎಂದು ಹೋಲಿಸಿ. ಒಂದೊಂದು ಗುಂಪಿನಲ್ಲಿ ಇಪ್ಪತ್ತೇ ಜನ ಇದ್ದರೆ ಇಬ್ಬರು ಮೂವರ ವ್ಯತ್ಯಾಸ ಬರೀ ಆಕಸ್ಮಿಕವೂ ಆಗಿರಬಹುದು, ಅದರಿಂದ ಏನನ್ನೂ ತೀರ್ಮಾನಿಸಬೇಡಿ. ದೂರು ಕೊಟ್ಟವರನ್ನು ಮತ್ತು ಹೆಸರು ಹೇಳಿ ಕಳಿಸಿದವರನ್ನು ಈ ಪರೀಕ್ಷೆಗೆ ಸೇರಿಸಬೇಡಿ, ಅವರಿಗೆ ಬರೆಯಲೇಬೇಕು.

ಗಿರಾಕಿ ಚೀಟಿಯ ಫೋಟೋ ಸ್ಟೇಟಸ್‌ಗೆ ಹಾಕಿದರೆ ಅದನ್ನು ಕೇಳದೆ ನಿಮ್ಮ ಪುಟದಲ್ಲಿ ಹಂಚಬೇಡಿ, ಅವರ ಹೆಸರು, ಮನೆಯ ವಿಷಯ ಅದರಲ್ಲಿರುತ್ತದೆ. ಅವರು ತಿರುಗಿ ಕಾಗದ ಬರೆದರೆ ಉತ್ತರಿಸಿ, ಅಲ್ಲೂ ಮಾಲಿನ ಪಟ್ಟಿ ಸೇರಿಸಬೇಡಿ. ಒಬ್ಬರಿಗೆ ವರ್ಷಕ್ಕೆ ಒಂದೆರಡು ಚೀಟಿ ಸಾಕು. ಇನ್ನು ವಿಳಾಸದಾರರು ಇಲ್ಲ ಎಂದು ಕಾರ್ಡು ವಾಪಸ್ ಬಂದರೆ ನೋಟ್‌ಬುಕ್‌ನಲ್ಲಿ ಆ ಸಾಲಿನ ಎದುರು ಗುರುತು ಹಾಕಿಡಿ, ಮುಂದಿನ ಪಾರ್ಸೆಲ್ ಕಳಿಸುವ ಮುನ್ನ ಹೊಸ ವಿಳಾಸ ಕೇಳಿಕೊಳ್ಳಿ.